ಬಿರುದಿನ ಬುಡದಲ್ಲಿರುವ ನೆಲ

ನಮ್ಮ ಶ್ರೀರಂಗಪಟ್ಟಣದ ಹೆಸರು ಇಂಗ್ಲೆಂಡಿನ ಒಂದು ಮನೆತನದ ಬಿರುದಿನೊಳಗೆ ಸೇರಿಕೊಂಡಿದೆ. 1799ರಲ್ಲಿ ಟಿಪ್ಪುವಿನ ಕೋಟೆ ಒಡೆದ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್. 1815ರಲ್ಲಿ ಅವನಿಗೆ ಬ್ಯಾರನ್ ಪಟ್ಟ ಕಟ್ಟಿದರು. ಬರೀ ಬ್ಯಾರನ್ ಅಲ್ಲ, ‘ಶ್ರೀರಂಗಪಟ್ಟಣ ಮತ್ತು ಮೈಸೂರಿನ’ ಬ್ಯಾರನ್! ಅದೇ ದಂಡಿನಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ಯೂರೋಪಿನಲ್ಲಿ ಗೆದ್ದು 1814ರಲ್ಲಿ ವೆಲಿಂಗ್ಟನ್ನಿನ ಡ್ಯೂಕ್ ಆದ. ಈ ಹೆಸರುಗಳನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಬಿರುದು ಅಂದ್ರೇನು, ಅದು ಯಾರ ಬೆನ್ನ ಮೇಲೆ ನಿಂತಿದೆ ಅಂತ ಮಾತ್ರ ಯಾವ ಪರೀಕ್ಷೆಯೂ ಕೇಳಲಿಲ್ಲ. ಈಗ ನಾವೇ ಕೇಳೋಣ.

ಡ್ಯೂಕ್ ಅನ್ನೋ ಮಾತು ಲ್ಯಾಟಿನ್ನಿನ ‘ಡುಕ್ಸ್’ನಿಂದ ಬಂದದ್ದು. ದಂಡು ನಡೆಸುವವನು ಅಂತ ಅರ್ಥ. 1066ರಲ್ಲಿ ನಾರ್ಮಂಡಿಯ ಡ್ಯೂಕ್ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿನ ನೆಲವನ್ನು ತನ್ನ ಜೊತೆ ಬಂದವರಿಗೆ ಹಂಚಿದ. 1086ರಲ್ಲಿ ಯಾರ ಹತ್ತಿರ ಎಷ್ಟು ನೆಲ, ಎಷ್ಟು ನೇಗಿಲು, ಎಷ್ಟು ಗುಲಾಮರು ಅಂತ ಲೆಕ್ಕ ಬರೆಸಿದ. ಮನುಷ್ಯರೂ ನೇಗಿಲೂ ಒಂದೇ ಪಟ್ಟಿಯಲ್ಲಿ. 1337ರಲ್ಲಿ ಮೂರನೇ ಎಡ್ವರ್ಡ್ ತನ್ನ ಮಗನನ್ನೇ ಕಾರ್ನ್‌ವಾಲಿನ ಡ್ಯೂಕ್ ಮಾಡಿದ. ಇಂಗ್ಲೆಂಡಿನ ಮೊದಲ ಡ್ಯೂಕ್ ಅವನೇ. ಕಾಲ ಹೋದಂತೆ ಮೆಟ್ಟಿಲು ಐದಾದವು: ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್. ಹುಟ್ಟಿನಿಂದಲೇ ಮೇಲು, ಹುಟ್ಟಿನಿಂದಲೇ ಕೀಳು. ಈ ಮೆಟ್ಟಿಲನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬೊಕ್ಕಸ ಬರಿದಾದಾಗ ರಕ್ತದ ಶುದ್ಧಿ ಎಲ್ಲಿ ಹೋಯ್ತೋ! 1611ರಲ್ಲಿ ಮೊದಲನೇ ಜೇಮ್ಸ್ ದೊರೆ ಬ್ಯಾರೊನೆಟ್ ಅನ್ನೋ ಹೊಸ ಬಿರುದು ಹುಟ್ಟಿಸಿ 1,095 ಪೌಂಡಿಗೆ ಒಂದರಂತೆ ಮಾರಿದ.

ಬಿರುದು ಗಾಳಿಯಲ್ಲಿ ನಿಲ್ಲೋದಿಲ್ಲ. ಅದರ ಬುಡದಲ್ಲಿ ನೆಲ ಬೇಕು. ನೆಲದ ಮೇಲೆ ಜನ ಇದ್ದರೆ?

ಸ್ಕಾಟ್ಲೆಂಡಿನ ಉತ್ತರದ ಕೊನೆಯಲ್ಲಿ ಸದರ್‌ಲ್ಯಾಂಡ್ ಅನ್ನೋ ಸೀಮೆ ಇದೆ. ಅಲ್ಲಿನವರದು ಗೇಲಿಕ್ ಮಾತು. ನೆಲ ಇಡೀ ಕುಲದ್ದು, ಕುಲದ ಹಿರಿಯ ಅದರ ಕಾವಲುಗಾರ ಅಂತ ಅವರ ನಂಬಿಕೆ. ಕಾಗದದಲ್ಲಿ ಮಾತ್ರ ಅದೆಲ್ಲ ಕೌಂಟೆಸ್ ಎಲಿಜಬೆತ್‌ಳ ಹೆಸರಿನಲ್ಲಿತ್ತು. ಗಂಡ ಸ್ಟ್ಯಾಫರ್ಡಿನ ಮಾರ್ಕ್ವಿಸ್, ಇಂಗ್ಲೆಂಡಿನ ಭಾರೀ ಕುಳ. ಮನುಷ್ಯರಿಗಿಂತ ಕುರಿಗಳು ಹೆಚ್ಚು ಗೇಣಿ ತರುತ್ತವೆ ಅಂತ ಲೆಕ್ಕ ಹಾಕಿದರು. 1807ರಿಂದ 1821ರ ತನಕ ಕಣಿವೆ ಕಣಿವೆಗಳನ್ನೇ ಖಾಲಿ ಮಾಡಿಸಿದರು. ಜನ ತಿರುಗಿ ಬರಬಾರದು ಅಂತ ಮನೆಗಳಿಗೆ ಬೆಂಕಿ ಇಟ್ಟರು.

1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯನ್ನು ಒಕ್ಕಲೆಬ್ಬಿಸಿದವನು ಪಾರುಪತ್ಯಗಾರ ಪ್ಯಾಟ್ರಿಕ್ ಸೆಲ್ಲರ್. ಉರಿಯುವ ಮನೆಯಿಂದ ಹೊತ್ತು ತಂದ ಮುದುಕಿ ಮಾರ್ಗರೆಟ್ ಮೆಕೇ ಕೆಲವೇ ದಿನಗಳಲ್ಲಿ ಸತ್ತಳು. 1816ರಲ್ಲಿ ಇನ್ವರ್‌ನೆಸ್‌ನಲ್ಲಿ ಸೆಲ್ಲರನ ವಿಚಾರಣೆ ಆಯಿತು. ಜ್ಯೂರಿಯಲ್ಲಿ ತುಂಬಿದ್ದವರು ಜಮೀನುದಾರರು. ಅವನು ನಿರ್ದೋಷಿ ಅಂತ ಹೊರಗೆ ಬಂದ. ಖಾಲಿ ಮಾಡಿಸಿದ ನೆಲದಲ್ಲಿ ತಾನೇ ಕುರಿ ಸಾಕಿದ.

‘ಬಂಡವಾಳ’ದ ಮೊದಲ ಸಂಪುಟದಲ್ಲಿ, 1867ರಲ್ಲಿ, ಮಾರ್ಕ್ಸ್ ಇದರ ಲೆಕ್ಕ ಕೊಡುತ್ತಾನೆ. ಕೌಂಟೆಸ್ ನುಂಗಿದ್ದು 7,94,000 ಎಕರೆ. ಓಡಿಸಿದ 15,000 ಜನಕ್ಕೆ ಸಮುದ್ರದ ದಡದಲ್ಲಿ ಬಿಟ್ಟದ್ದು ಸುಮಾರು 6,000 ಎಕರೆ. ಅವರ ಜಾಗಕ್ಕೆ ಬಂದ ಕುರಿಗಳು 1,31,000.

ಇಷ್ಟೆಲ್ಲ ಆದಮೇಲೆ 1833ರಲ್ಲಿ ಆ ಮಾರ್ಕ್ವಿಸ್ ಇನ್ನೊಂದು ಮೆಟ್ಟಿಲು ಹತ್ತಿ ಸದರ್‌ಲ್ಯಾಂಡಿನ ಡ್ಯೂಕ್ ಆದ. ಅದೇ ವರ್ಷ ಸತ್ತ. 1837ರಲ್ಲಿ ಗೋಲ್ಸ್‌ಪಿ ಊರಿನ ಮೇಲಿನ ಬೆಟ್ಟದಲ್ಲಿ ಅವನ ಕಲ್ಲಿನ ವಿಗ್ರಹ ನಿಲ್ಲಿಸಿದರು. ಪೀಠವೂ ಸೇರಿ ಸುಮಾರು 100 ಅಡಿ. ಒಕ್ಕಲುಗಳೇ ಕೃತಜ್ಞತೆಯಿಂದ ನಿಲ್ಲಿಸಿದ್ದು ಅಂತ ಕೆಳಗೆ ಕೆತ್ತಿಸಿದ್ದಾರೆ. ಕಲ್ಲಿಗೆ ನಾಚಿಕೆ ಇಲ್ಲ, ಕೆತ್ತಿಸಿದವರಿಗಾದರೂ ಇರಬೇಕಿತ್ತು.

ಆದರೆ ಕಲ್ಲು ಕೆತ್ತುವವನೊಬ್ಬ ಬೇರೆ ಚರಿತ್ರೆ ಬರೆದ. ಅವನು ಸ್ಟ್ರಾತ್‌ನೇವರಿನವನೇ ಆದ ಕಲ್ಲುಕುಟಿಕ ಡೊನಾಲ್ಡ್ ಮೆಕ್ಲಿಯಾಡ್. ತಾನು ಕಂಡ ಬೆಂಕಿಯನ್ನು 1840-41ರಲ್ಲಿ ಎಡಿನ್‌ಬರೋದ ಒಂದು ವಾರಪತ್ರಿಕೆಗೆ ಕಾಗದಗಳಾಗಿ ಬರೆದ. ಆ ಬೆಂಕಿಯ ಕತೆ ಇವತ್ತಿಗೂ ಉಳಿದಿರೋದರಲ್ಲಿ ಅವನ ಪಾಲು ದೊಡ್ಡದು. 1882ರಲ್ಲಿ ಸ್ಕೈ ದ್ವೀಪದ ಒಕ್ಕಲುಗಳು ಗೇಣಿ ಕೊಡೋದಿಲ್ಲ ಅಂತ ಎದ್ದು ನಿಂತು ಪೊಲೀಸರ ಜೊತೆ ಬಡಿದಾಡಿದರು. ಇಂಥ ಹೋರಾಟಗಳ ಬಿಸಿಗೆ 1886ರಲ್ಲಿ ಕಾಯಿದೆ ಬಂತು. ಸಣ್ಣ ಒಕ್ಕಲುಗಳನ್ನು ಮನಸ್ಸಿಗೆ ಬಂದಂತೆ ಎಬ್ಬಿಸೋ ಹಾಗಿಲ್ಲ ಅಂತಾಯಿತು. ಕಳಕೊಂಡ ಕಣಿವೆಗಳು ಮಾತ್ರ ವಾಪಸ್ ಬರಲಿಲ್ಲ.

1911ರ ಕಾಯಿದೆ ಪ್ರಭುಗಳ ಸಭೆಯ ಹಲ್ಲು ಕಿತ್ತಿತು. 1999ರಲ್ಲಿ 92 ಮಂದಿಯನ್ನು ಉಳಿಸಿಕೊಂಡು ಮಿಕ್ಕ ವಂಶಪಾರಂಪರ್ಯದ ಪ್ರಭುಗಳನ್ನೆಲ್ಲ ಹೊರಗೆ ಕಳಿಸಿದರು. ಕುರ್ಚಿ ಹೋಯಿತು, ಬಿರುದು ಹೋಗಲಿಲ್ಲ.

ಹಳ್ಳಿಯ ಮೇಷ್ಟ್ರುಗಳಾದ ಗೆಳೆಯರೇ, ತರಗತಿಯಲ್ಲಿ ವೆಲಿಂಗ್ಟನ್ನಿನ ಹೆಸರು ಹೇಳಿದ ದಿನ ಮೆಕ್ಲಿಯಾಡನ ಹೆಸರನ್ನೂ ಹೇಳಿ. ನಮ್ಮ ಮನೆಗಳಲ್ಲಿ ಅಕ್ಷರ ಕಲಿತ ಮೊದಲಿಗರು ನಾವು. ನಮ್ಮ ಕೇರಿಗಳಲ್ಲೂ ನೆಲ ಕಳಕೊಂಡ ಮುದುಕ ಮುದುಕಿಯರಿದ್ದಾರೆ. ಯಾವ ಹೊಲ, ಯಾವ ವರ್ಷ, ಯಾರು ಬಂದು ಎಬ್ಬಿಸಿದರು ಅನ್ನೋದು ಅವರ ಬಾಯಲ್ಲಿದೆ. ಅವರು ಮಣ್ಣಾಗುವ ಮೊದಲು ಅದನ್ನು ಕೇಳಿ ಬರೆದುಕೊಳ್ಳೋಣ.