ಬಾಲದಿಂದ ಮೊದಲಾಗುವ ವಿಮಾನ

ಮನೆ ಕಟ್ಟುವವರು ತಳಪಾಯದಿಂದ ತೊಡಗಿದರೆ, ಮನೆಯಲ್ಲೇ ವಿಮಾನ ಕಟ್ಟುವ ಅಮೆರಿಕದ ಹವ್ಯಾಸಿಗಳು ಬಹುಮಟ್ಟಿಗೆ ಬಾಲದಿಂದ ತೊಡಗುವರು. ಆರೆಗಾನ್ ಪ್ರಾಂತದ ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ರಚಿಸಿದ ಆರ್‌ವಿ-3 ಲೋಹವಿಮಾನವು 1971ರಲ್ಲಿ ಹಾರಿತು. ಮುಂದೆ ಅವರ ಸಂಸ್ಥೆಯು ಬಿಡಿಭಾಗಗಳನ್ನು ಕಂತುಗಳಲ್ಲಿ ಮಾರಿತು; ಮೊದಲ ಕಂತೇ ಬಾಲ. ಅದು ಚಿಕ್ಕದು, ಕೆಟ್ಟರೂ ನಷ್ಟ ಅಲ್ಪ, ಕೈ ಪಳಗುತ್ತದೆ. ಅಲ್ಯುಮಿನಿಯಂ ತಗಡಿನ ತೂತಿನಂಚನ್ನು ನಯಗೊಳಿಸಿ, ರಿವೆಟ್ಟಿನ ತಲೆ ಸಮನಾಗಿ ಕೂರುವಂತೆ ಬಟ್ಟಲಿನ ಹಾಗೆ ಒತ್ತಿ, ಬಳಿಕ ರಿವೆಟ್ ಬಡಿಯಬೇಕು.

ಲೇಸರಿನಿಂದ ಕೊರೆದ ಕೆಲವು ಭಾಗಗಳ ತೂತುಗಳು ಹೀಗೆ ಒತ್ತುವಾಗ ಬಿರುಕು ಬಿಟ್ಟ ಸಂಗತಿ 2023ರಲ್ಲಿ ಬಯಲಾಯಿತು. ಅವನ್ನು ಬದಲಿಸಿಕೊಡುವ ಹೊರೆಯೂ ಸೇರಿ, ಆ ಡಿಸೆಂಬರಿನಲ್ಲಿ ಸಂಸ್ಥೆಯು ನ್ಯಾಯಾಲಯದ ರಕ್ಷಣೆ ಬೇಡಿತು; 2024ರಲ್ಲಿ ಚೇತರಿಸಿಕೊಂಡಿತು.

ಹಾರಾಟದಲ್ಲಿ ಏರಿಳಿತವನ್ನು ಹಿಡಿತದಲ್ಲಿಡುವುದು ಬಾಲ. ಆದುದರಿಂದ ತೂತಿನಂಚನ್ನು ಬೆರಳಿನಿಂದ ಸವರಿ ನೋಡುವ ತಾಳ್ಮೆ ಪ್ರಾಣರಕ್ಷಣೆಯ ಕೆಲಸವೇ ಸರಿ.