ಗುಟ್ಟು ಬಿಟ್ಟುಕೊಡುವ ವ್ಯಾಪಾರ

ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುವುದನ್ನು ಕಂಡವರಿಗೆ ವ್ಯಾಪಾರವೆಂದರೆ ಗುಟ್ಟು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗಿರುವಾಗ ದೊಡ್ಡ ಕಂಪೆನಿಗಳು ಕಾನೂನು ಕೇಳದಿದ್ದರೂ ತಮ್ಮ ಮುಂದಿನ ಯೋಜನೆಗಳನ್ನು ತಾವಾಗಿಯೇ ಊರಿಗೆಲ್ಲ ಸಾರುವುದೇಕೆ? ಉತ್ತರದ ಒಂದು ಎಳೆ ಅಥಣಿಯ ಚಪ್ಪಲಿಯಲ್ಲೇ ಸಿಗುತ್ತದೆ.

ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಚರ್ಮಕಾರ ಕುಟುಂಬಗಳು ತಲೆಮಾರುಗಳಿಂದ ಹೊಲಿಯುತ್ತ ಬಂದ ಚಪ್ಪಲಿಗೆ ಪೇಟೆಯಲ್ಲಿರುವ ಹೆಸರು 'ಕೊಲ್ಹಾಪುರಿ'. ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲು. ಮೊಳೆಯಿಲ್ಲ, ಹೊಲಿಗೆಯೂ ತೊಗಲಿನ ದಾರದಿಂದಲೇ. ದುಡಿಮೆ ಇಲ್ಲಿಯದು, ಹೆಸರು ಮಾತ್ರ ಮಾರಿದ ಊರಿನದು. 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಸೇರಿದವು. ಈ ಗುರುತು ಬೇಕೆಂದರೆ ತಯಾರಿಕೆಯ ವಿಧಾನವನ್ನು ಅರ್ಜಿಯಲ್ಲಿ ಬರೆದು ತೆರೆದಿಡಬೇಕು. ಕಸಬಿನ ಗುಟ್ಟು ಹೇಳಿಯೇ ಹಕ್ಕು ಪಡೆದದ್ದು ಹೀಗೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪೆನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿತು, ಮೂಲದ ಹೆಸರೆತ್ತಲಿಲ್ಲ. ಗದ್ದಲವೆದ್ದ ಮೇಲೆ ಭಾರತದ ಕಸಬುದಾರರ ಋಣವನ್ನು ಒಪ್ಪಿಕೊಂಡಿತು. ಡಿಸೆಂಬರ್‌ನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳೊಡನೆ ಒಪ್ಪಂದಕ್ಕೆ ಸಹಿ ಬಿತ್ತು. ಆಗ ಕಂಪೆನಿ ತನ್ನ ಲೆಕ್ಕವನ್ನೆಲ್ಲ ಮೊದಲೇ ಹೇಳಿಬಿಟ್ಟಿತು: ಮಹಾರಾಷ್ಟ್ರ, ಕರ್ನಾಟಕಗಳಲ್ಲಿ 2,000 ಜೊತೆ ತಯಾರಿಕೆ, ಜೊತೆಗೆ ಸುಮಾರು 800 ಯೂರೋ ಬೆಲೆ, 2026ರ ಫೆಬ್ರುವರಿಯಿಂದ 40 ಅಂಗಡಿಗಳಲ್ಲಿ ಮಾರಾಟ.

ಪ್ರತಿಸ್ಪರ್ಧಿಗಳೂ ಇದನ್ನು ಓದುತ್ತಾರೆ, ಸರಿಯೆ. ಆದರೆ ಶಂಕೆಗೆ ಗುರಿಯಾದ ವ್ಯಾಪಾರಿಗೆ ಮೌನವೇ ಹೆಚ್ಚು ದುಬಾರಿ. ಇನ್ನೊಂದು ಕಾರಣ ಬಂಡವಾಳದ್ದು. ಪರಿಚಿತರ ಸಾಲದಲ್ಲಿ ನಡೆಯುವ ಮನೆತನದ ಉದ್ಯಮಕ್ಕೆ ಬಾಯಿಬಿಡುವ ದರಕಾರಿಲ್ಲ. ದೂರದ ಅಪರಿಚಿತನ ಹಣ ಬೇಕೆಂದಾಗ, ಅದನ್ನು ಏನು ಮಾಡುತ್ತೇವೆಂದು ಹೇಳಲೇಬೇಕಾಗುತ್ತದೆ. ಪ್ರಾಡಾ ಇಟಲಿಯದಾದರೂ ಅದರ ಷೇರು 2011ರಿಂದ ವಹಿವಾಟಾಗುವುದು ಹಾಂಗ್‌ಕಾಂಗ್ ಪೇಟೆಯಲ್ಲಿ. ಅಮೆರಿಕ, ಬ್ರಿಟನ್ ಮತ್ತು ಯೂರೋಪಿನ ಬಹುರಾಷ್ಟ್ರೀಯ ಕಂಪೆನಿಗಳ ವಾರ್ಷಿಕ ವರದಿಗಳನ್ನು ಹೋಲಿಸಿ ಮೀಕ್, ರಾಬರ್ಟ್ಸ್, ಗ್ರೇ ಎಂಬ ವಿದ್ವಾಂಸರು 1995ರಲ್ಲಿ ಕಂಡುಕೊಂಡದ್ದೂ ಇದನ್ನೇ ಹೋಲುತ್ತದೆ: ಸ್ವಇಚ್ಛೆಯಿಂದ ಎಷ್ಟು ಹೇಳುತ್ತಾರೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕಂಪೆನಿಯ ಗಾತ್ರ, ಅದರ ದೇಶ, ಅದರ ಷೇರು ಎಲ್ಲೆಲ್ಲಿ ನೋಂದಾಯಿತವಾಗಿದೆ ಎಂಬ ಸಂಗತಿಗಳು.

ಕಂಪೆನಿ ಮಾತನಾಡುವುದು ಕೇಳುವವನನ್ನು ನೋಡಿ. ಹೂಡಿಕೆದಾರನಿಗೆ ಬೇಕಾದದ್ದು ಜೊತೆಗಳ ಸಂಖ್ಯೆ, ಕೊಳ್ಳುವವನಿಗೆ ಬೇಕಾದದ್ದು ಮೂಲದ ಹೆಸರು. ಅಥಣಿಯ ಚರ್ಮಕಾರ ಕೇಳಬೇಕಾದ ಲೆಕ್ಕ ಬೇರೆಯೇ ಇದೆ: ಒಂದು ಜೊತೆಗೆ ಕೂಲಿ ಎಷ್ಟು, ಆ 2,000ದಲ್ಲಿ ಗಡಿಯ ಈಚೆಗೆ ಬರುವ ಪಾಲೆಷ್ಟು.