ಬಾಗಿಲಲ್ಲಿ ನಿಂತ ನಾಯಿ

ನಾಯಿಯೊಡನೆ ಪರಸ್ಥಳದ ಪಟ್ಟಣವೊಂದರ ಬಾಗಿಲಿಗೆ ಹೋಗಿ, ‘ಇದಕ್ಕೆ ಒಳಗೆ ಎಡೆಯಿಲ್ಲ’ ಎನ್ನಿಸಿಕೊಂಡವರಲ್ಲಿ ಮೊದಲಿಗನು ಧರ್ಮರಾಯನೇ ಇರಬೇಕು. ಹಸ್ತಿನಾವತಿಯಿಂದ ಮಹಾಪ್ರಸ್ಥಾನಕ್ಕೆ ಹೊರಟ ಪಾಂಡವರನ್ನೂ ದ್ರೌಪದಿಯನ್ನೂ ಒಂದು ನಾಯಿ ಹಿಂಬಾಲಿಸಿತು. ದಾರಿಯಲ್ಲಿ ಹೆಂಡತಿ ಬಿದ್ದಳು. ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು. ನಾಯಿ ಮಾತ್ರ ಉಳಿಯಿತು. ಇಂದ್ರನು ರಥವನ್ನು ತಂದು ನಿಲ್ಲಿಸಿ, ನಾಯಿಯನ್ನು ಬಿಟ್ಟು ಹತ್ತೆಂದನು. ನಾಯಿಯನ್ನು ಕಟ್ಟಿಕೊಂಡು ಬಂದವರಿಗೆ ಸ್ವರ್ಗದಲ್ಲಿ ಜಾಗವಿಲ್ಲವೆಂಬುದು ಅಲ್ಲಿಯ ಕಟ್ಟಳೆ. ನಂಬಿ ಬಂದ ಜೀವವನ್ನು ಕೈಬಿಡುವುದು ಮಹಾಪಾಪವೆಂದು ಧರ್ಮರಾಯನು ಅಲ್ಲಿಯೇ ನಿಂತನು. ಕುಮಾರವ್ಯಾಸನ ಭಾರತವು ಗದಾಪರ್ವಕ್ಕೇ ನಿಂತುಹೋಗಿ, ಮುಂದಿನದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದನು. ಆದರೆ ಈ ಕಥೆ ತಿಳಿಯಲು ನಮ್ಮ ಮನೆಗಳಲ್ಲಿ ಪುಸ್ತಕ ಬೇಕಾಗಿರಲಿಲ್ಲ, ಅಜ್ಜಿಯರೇ ಸಾಕಾಗಿದ್ದರು.

ಕಥೆಯಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಧರ್ಮರಾಯನು ನಾಯಿಯನ್ನು ಉತ್ತರೀಯದ ಮರೆಯಲ್ಲಿ ಬಚ್ಚಿಟ್ಟುಕೊಂಡು ರಥವೇರಲಿಲ್ಲ. ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ನಿಂತು, ಅದರ ಪರವಾಗಿ ವಾದಿಸಿದನು. ಪ್ರೀತಿಗೂ ಹೊಣೆಗೂ ಇರುವ ಅಂತರ ಇಲ್ಲಿದೆ.

ಈ ಪ್ರಶ್ನೆ ಈಗ ಪುರಾಣದ್ದಾಗಿ ಉಳಿದಿಲ್ಲ. ದಾವಣಗೆರೆ, ಹರಿಹರಗಳ ಎಷ್ಟೋ ಮನೆಗಳ ಮಕ್ಕಳು ವೈದ್ಯವನ್ನೋ ಎಂಜಿನಿಯರಿಂಗನ್ನೋ ಓದಿ ಪರದೇಶಗಳಲ್ಲಿ ನೆಲೆಸಿದ್ದಾರೆ. ವಯಸ್ಸಾದ ತಂದೆತಾಯಿಗಳಿಗೆ ಅಲ್ಲಿಂದ ಕರೆ ಬರುತ್ತದೆ. ಮನೆಗೆ ಬೀಗ ಹಾಕಬಹುದು, ತುಳಸಿಗೆ ನೀರೆರೆಯಲು ಪಕ್ಕದ ಮನೆಯವರಿಗೆ ಹೇಳಬಹುದು. ಕಾಲಡಿಯಲ್ಲಿ ಮಲಗಿರುವ ಪುಟ್ಟ ನಾಯಿಯನ್ನು ಏನು ಮಾಡುವುದು? ಇದೇ ಸೀಮೆಯ ಕೊಂಡಜ್ಜಿಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಕೇಂದ್ರವಿದೆ. ಸ್ಕೌಟಾದವನು ಪ್ರಾಣಿಗಳ ಮಿತ್ರನೆಂಬುದು 1908ರಲ್ಲಿ ಬೇಡನ್ ಪೊವೆಲ್ ರಚಿಸಿದ ನಿಯಮಗಳಲ್ಲಿ ಆರನೆಯದು. ಶಿಬಿರಕ್ಕೆ ಬರುವ ಮಕ್ಕಳು ಇಂದಿಗೂ ಆ ಮಾತನ್ನು ಕಲಿಯುತ್ತಾರೆ. ಕೆರೆಯ ಏರಿಯ ಮೇಲೆ ಮಿತ್ರನಾಗಿರುವುದು ಸುಲಭ. ಗಡಿಯ ಬಾಗಿಲಿನಲ್ಲಿ ಆ ಮಿತ್ರತ್ವದ ಅರ್ಥವೇನು?

ಕನ್ನಡಿಗರು ಇದಕ್ಕೆ ಕಲ್ಲಿನಲ್ಲಿ ಒಂದು ಉತ್ತರವನ್ನು ಬರೆದಿಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಅದು. ಕಾಲ ಶಕ 872, ಎಂದರೆ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಅವನ ಭಾವಮೈದುನನಾದ ಗಂಗರ ಇಮ್ಮಡಿ ಬೂತುಗನೂ ಕೂಡಿ, ಇಂದಿನ ತಮಿಳುನಾಡಿನ ಅರಕ್ಕೋಣದ ಸಮೀಪದ ತಕ್ಕೋಲದಲ್ಲಿ ಚೋಳರ ಮೇಲೆ ಕಾದಿದರು. ಚೋಳ ರಾಜಾದಿತ್ಯನು ಅಲ್ಲಿ ಮಡಿದನು. ಆ ಕಾಳಗದಲ್ಲಿ ಮೆರೆದವನು ಬೂತುಗನ ಆಳಾದ ಮಣಲೆರ. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದುದು ಕಾಳಿಯೆಂಬ ನಾಯಿಯನ್ನು. ಆತಕೂರು ಬಾಳ್ಗಚ್ಚಾಗಿ, ಎಂದರೆ ಖಡ್ಗ ತೊಳೆದುದರ ಕೊಡುಗೆಯಾಗಿ, ಅವನಿಗೆ ದೊರೆಯಿತು. ಬಾಯಿಬಿಟ್ಟು ಬೇಡಿದುದು ಮಾತ್ರ ನಾಯಿಯನ್ನು.

ಅನಂತರ ಬೆಳತೂರಿನ ಪಡುವಣ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ನಾಯಿಯೂ ಒಡನೆ ಸತ್ತುವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿಯನ್ನೂ ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಬರುವುದೆಂದು ಶಾಸನ ಎಚ್ಚರಿಸುತ್ತದೆ. ನನಗೆ ದೊಡ್ಡದಾಗಿ ಕಾಣುವುದು ಈ ಕೊನೆಯ ಮಾತು. ಸತ್ತ ನಾಯಿಗಾಗಿ ಅತ್ತು ಸುಮ್ಮನಾಗಲಿಲ್ಲ. ಅದರ ಹೆಸರನ್ನು ಬರೆದು, ಅದಕ್ಕೊಬ್ಬ ಹೊಣೆಗಾರನನ್ನೂ ಗೊತ್ತುಮಾಡಿದರು. ಹರಿಹರದಿಂದ ತುಂಗಭದ್ರೆಯನ್ನು ದಾಟಿ ಮುಂದೆ ಹೋದರೆ ಸಿಗುವ ದೇವರಗುಡ್ಡದಲ್ಲಿ ಮೈಲಾರಲಿಂಗನ ಗೊರವರು ತಮ್ಮನ್ನೇ ದೇವರ ನಾಯಿಗಳೆಂದು ಕರೆದುಕೊಂಡು ಬೊಗಳುತ್ತಾರೆ. ನಾಯಿಯೆಂದರೆ ಬೈಗುಳವಾದ ನಾಡಿನಲ್ಲಿಯೇ ನಿಷ್ಠೆಗೂ ಅದು ಹೆಸರಾಗಿದೆ.

ಇಷ್ಟಿದ್ದರೂ ಬಾಗಿಲು ಕಾಯುವವನನ್ನು ನಾವು ಕ್ರೂರಿಯೆಂದು ಜರೆಯಬಾರದು. ಅವನ ಭಯಕ್ಕೆ ಕಾರಣ ಹುಚ್ಚುನಾಯಿ ರೋಗ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಅದರಿಂದ ಬದುಕಿದವರು ಇಲ್ಲವೆಂದೇ ಹೇಳಬೇಕು. ಮನುಷ್ಯರಿಗೆ ತಗಲುವ ಈ ರೋಗದಲ್ಲಿ ನೂರಕ್ಕೆ 99ರಷ್ಟು ನಾಯಿಯ ಮೂಲಕವೇ ಬರುತ್ತದೆ. 1885ರಲ್ಲಿ ಪಾಶ್ಚರನು ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಚುಚ್ಚುಮದ್ದು ಕೊಟ್ಟು ಉಳಿಸಿದ ಮೇಲೆ ಆಸೆ ಹುಟ್ಟಿತು. ನಮ್ಮಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಹುಟ್ಟಿದುವು.

ದ್ವೀಪವಾದ ಬ್ರಿಟನ್ ಬೇರೆ ದಾರಿ ಹಿಡಿಯಿತು. ಬೀದಿಯ ನಾಯಿಗಳನ್ನು ಹತೋಟಿಗೆ ತಂದು 1902ರ ಹೊತ್ತಿಗೆ ರೋಗವನ್ನೇ ಅಳಿಸಿತು. ಹೊರಗಿನಿಂದ ಬರುವ ನಾಯಿಗಳನ್ನು ಆರು ತಿಂಗಳು ಪ್ರತ್ಯೇಕವಾಗಿ ಕೂಡಿಹಾಕುವ ಕಟ್ಟಳೆಯನ್ನು ಮಾಡಿತು. ಕಚ್ಚಿಸಿಕೊಂಡ ನಾಯಿಯಲ್ಲಿ ರೋಗ ವಾರಗಟ್ಟಲೆ, ತಿಂಗಳುಗಟ್ಟಲೆ ಅಡಗಿರಬಲ್ಲುದಾದುದರಿಂದ ಅಷ್ಟು ದೀರ್ಘ ಅವಧಿ. ಮುಧೋಳದ ಮಾಲೋಜಿರಾವ್ ಘೋರ್ಪಡೆಯವರು ತಮ್ಮ ಸಂಸ್ಥಾನದ ಬೇಟೆನಾಯಿಗಳ ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟುದು ಪ್ರಸಿದ್ಧವಾಗಿದೆ. ಎಲ್ಲ ನಾಯಿಗಳಿಗೂ ದೊರೆಯ ಹೆಸರಿನ ಆಸರೆ ಇರುವುದಿಲ್ಲ.

ಮೊದಲನೆಯ ಮಹಾಯುದ್ಧ ಮುಗಿಯುವ ವೇಳೆಗೆ, 1918ರಲ್ಲಿ, ಆ ದ್ವೀಪದಲ್ಲಿ ರೋಗ ಮತ್ತೆ ತಲೆಯೆತ್ತಿತು. ಯೂರೋಪಿನ ರಣರಂಗಗಳಲ್ಲಿ ಜೊತೆಗಿದ್ದ ನಾಯಿಗಳನ್ನು ಬಿಟ್ಟುಬರಲಾರದೆ ಸೈನಿಕರು ಕದ್ದುಮುಚ್ಚಿ ತಂದುದೇ ಇದಕ್ಕೆ ಕಾರಣವೆನ್ನುತ್ತಾರೆ. ಅದನ್ನು ಅಡಗಿಸಲು 1922ರವರೆಗೆ ಹಿಡಿಯಿತು. ಆ ಸೈನಿಕರ ಮನಸ್ಸು ಯಾರಿಗೆ ಅರ್ಥವಾಗದು? ಅವರದೂ ಧರ್ಮರಾಯನ ಪ್ರೀತಿಯೇ. ಆದರೆ ಅವನು ಬಾಗಿಲಲ್ಲಿ ನಿಂತನು, ಇವರು ಬಾಗಿಲನ್ನು ತಪ್ಪಿಸಿದರು. ಒಂದು ನಾಯಿಯ ಮೇಲಿನ ಮಮತೆಗೆ ಸಾವಿರಾರು ನಾಯಿಗಳೂ ಊರಿನ ಮಕ್ಕಳೂ ಭಯದಲ್ಲಿ ಬದುಕಬೇಕಾಯಿತು.

ಬಾಗಿಲಿನವರು ಕೂಡ ಮೆಲ್ಲನೆ ಮೆತ್ತಗಾದರು. 2000ದ ಫೆಬ್ರವರಿಯಿಂದ ಬ್ರಿಟನ್ ಕೆಲವು ದೇಶಗಳ ನಾಯಿಗಳಿಗೆ ಆರು ತಿಂಗಳ ಸೆರೆಯನ್ನು ತಪ್ಪಿಸಿ, ಕಾಗದಪತ್ರಗಳನ್ನು ನೋಡಿ ಒಳಗೆ ಬಿಡತೊಡಗಿತು. ಭಾರತದಿಂದ ಹೋಗುವ ನಾಯಿಗೂ ಈಗ ದಾರಿಯಿದೆ, ತಾಳ್ಮೆ ಬೇಕು ಅಷ್ಟೆ. ಗುರುತಿಗಾಗಿ ಅಕ್ಕಿಕಾಳಿನಷ್ಟರ ಚಿಪ್ಪೊಂದನ್ನು ಚರ್ಮದಡಿ ಸೇರಿಸಬೇಕು. ಆಮೇಲೆ ಚುಚ್ಚುಮದ್ದು. ಅದಾಗಿ ಕಡಮೆಯೆಂದರೆ 30 ದಿನ ಕಳೆದ ಮೇಲೆ ರಕ್ತ ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಮದ್ದು ನಾಟಿದೆಯೆಂದು ತಿಳಿದ ಮೇಲೂ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಚಿಪ್ಪಿಗೆ ಮೊದಲೇ ಚುಚ್ಚುಮದ್ದು ಹಾಕಿಸಿದ್ದರೆ ಅದು ಲೆಕ್ಕಕ್ಕೆ ಬಾರದು. ಯಾವ ನಾಯಿಗೆ ಹಾಕಿಸಿದಿರೆಂದು ಕೇಳಿದರೆ ಸಾಕ್ಷಿಯಿಲ್ಲವಲ್ಲ! ಬ್ರಿಟನ್ನಿಗೆ ವಿಮಾನದಲ್ಲಿ ಹೋಗುವುದಾದರೆ ಮಡಿಲಲ್ಲಿ ಕುಳ್ಳಿರಿಸಿಕೊಳ್ಳುವಂತಿಲ್ಲ, ಎಷ್ಟು ಪುಟ್ಟದಾದರೂ ಸರಕಿನ ಲೆಕ್ಕದಲ್ಲಿಯೇ ಹೋಗಬೇಕು.

ಒಳಗೆ ಸೇರಿದ ಮೇಲೆ ಅದೇ ಪಟ್ಟಣ ಬೇರೆಯಾಗಿ ಕಾಣುತ್ತದೆ. ಲಂಡನ್ನಿನ ನೆಲದಡಿಯ ರೈಲಿನಲ್ಲಿ ನಾಯಿ ಯಜಮಾನನ ಕಾಲ ಬಳಿ ಕುಳಿತು ಹೋಗುತ್ತದೆ. ಚಲಿಸುವ ಮೆಟ್ಟಿಲು ಬಂದಾಗ ಅದರ ಪಾದಕ್ಕೆ ಪೆಟ್ಟಾಗದಂತೆ ಎತ್ತಿಕೊಳ್ಳಬೇಕೆಂಬ ನಿಯಮವಿದೆ. ನಾಯಿ ಸಣ್ಣದಾಗಿರುವುದರ ಲಾಭ ಆಗ ತಿಳಿಯುವುದು. ಬಾಗಿಲಲ್ಲಿ ಅಷ್ಟು ಕಾಡಿದ ಊರೇ ಒಳಗೆ ಅಷ್ಟು ಸಲಿಗೆ ಕೊಡುತ್ತದೆ. ಎರಡಕ್ಕೂ ಕಾರಣ ಒಂದೇ: ಈ ನಾಯಿಗೆ ಉತ್ತರ ಹೇಳುವವನೊಬ್ಬನು ಇದ್ದಾನೆಂಬುದು ಆ ಊರಿಗೆ ಗೊತ್ತು.

ಆತಕೂರಿನ ಕಲ್ಲು ಕೇಳಿದುದೂ ಇದನ್ನೇ, ಇಂದಿನ ಕಾಗದ ಕೇಳುವುದೂ ಇದನ್ನೇ: ನಾಯಿಯ ಹೆಸರೇನು, ಅದರ ಹೊಣೆ ಯಾರದು? ಪರದೇಶಕ್ಕೆ ಹೊರಡುವವರು ಆರೇಳು ತಿಂಗಳ ಮೊದಲೇ ಈ ಪ್ರಶ್ನೆಗೆ ಉತ್ತರವನ್ನು ಸಿದ್ಧಮಾಡಿಕೊಳ್ಳಬೇಕು. ಕರೆದುಕೊಂಡು ಹೋಗಲಾರದವರು ಅದನ್ನು ನಂಬಿಕೆಯ ಮನೆಯೊಂದಕ್ಕೆ ಒಪ್ಪಿಸಿ ಹೋದರೆ ಅದೂ ಹೊಣೆಯೇ. ಊರಹೊರಗಿನ ಕೆರೆಯ ಬಳಿ ಇಳಿಸಿ, ಹಿಂತಿರುಗಿ ನೋಡದೆ ಗಾಡಿ ಓಡಿಸುವುದಕ್ಕೆ ಮಾತ್ರ ಯಾವ ಪುರಾಣದಲ್ಲಿಯೂ, ಯಾವ ಶಾಸನದಲ್ಲಿಯೂ ಕ್ಷಮೆಯಿಲ್ಲ.